ಬಾಗಿಲಿಗೆ ಪಾಲಿಷಾ, ವಾರ್ನಿಷಾ, ಪೇಂಟಾ?

ಸಾಗುವಾನಿ ಬಾಗಿಲಿಗೆ ಅಷ್ಟೊಂದು ದುಡ್ಡು ಸುರೀತೀವಿ, ಆದ್ರೆ ಅದರ ಮೇಲೆ ಏನು ಹಚ್ಚಬೇಕು ಅನ್ನೋದನ್ನ ಪೇಂಟರ್‌ಗೇ ಬಿಟ್ಬಿಡ್ತೀವಿ, ಇದು ನೋಡಿದಾಗೆಲ್ಲ ನಂಗೆ ಹೊಟ್ಟೆ ಉರಿಯುತ್ತೆ. ಹೊಳಪು ಎಲ್ಲದಕ್ಕೂ ಬರುತ್ತೆ ಕಣ್ರೀ, ಹಾಳಾದ್ಮೇಲೆ ರಿಪೇರಿ ಹೇಗೆ ಅಂತ ಮೊದ್ಲು ಕೇಳಿ.

ನಂಗೆ ತುಂಬಾ ಇಷ್ಟ ಫ್ರೆಂಚ್ ಪಾಲಿಷ್. ಅರಗಿನ ಹುಳ ಮರದ ರೆಂಬೆ ಮೇಲೆ ಬಿಡೋ ಅಂಟನ್ನ ಶುದ್ಧ ಮಾಡಿ ಚಕ್ಕೆ ಮಾಡ್ತಾರೆ, ಆ ಚಕ್ಕೆನ ಸ್ಪಿರಿಟ್‌ನಲ್ಲಿ ಕರಗಿಸಿ ಬಟ್ಟೆ ಉಂಡೆಯಿಂದ ತೆಳ್ಳಗೆ ಪದರದ ಮೇಲೆ ಪದರ ಉಜ್ಜೋದು, ಸ್ಪಿರಿಟ್ ಹಾರಿಹೋಗುತ್ತೆ ಅರಗು ಉಳಿಯುತ್ತೆ ಅಷ್ಟೇ. ಹತ್ತು ವರ್ಷ ಬಿಟ್ಟು ಮತ್ತೆ ಉಜ್ಜಿದ್ರೂ ಹಳೇ ಪದರ ಸ್ವಲ್ಪ ಕರಗಿ ಹೊಸದ್ರ ಜೊತೆ ಒಂದಾಗುತ್ತೆ. ಆದ್ರೆ ಬಿಸಿ ಲೋಟ ಇಟ್ರೆ ಬಿಳೀ ಉಂಗುರ ಬೀಳುತ್ತೆ, ಮಳೆಗಂತೂ ಆಗಲ್ಲ. ಚನ್ನಪಟ್ಟಣದ ಬೊಂಬೆಗೂ ಇದೇ ಅರಗು, ಅಲ್ಲಿ ಸ್ಪಿರಿಟ್ ಇಲ್ಲ, ತಿರುಗೋ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡೀತಾರೆ, ಉಜ್ಜಾಟದ ಬಿಸಿಗೇ ಕರಗಿ ಹತ್ಕೊಳ್ಳುತ್ತೆ. ಮೈಸೂರಲ್ಲಿ 1937ರಲ್ಲಿ ಶುರುವಾದ ಕಾರ್ಖಾನೆ ಹೆಸರಲ್ಲೂ ಅರಗು ಇತ್ತು, ಮೈಸೂರ್ ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಅಂತ, ಓಟು ಹಾಕಿದಾಗ ಬೆರಳಿಗೆ ಹಚ್ಚೋ ಶಾಯಿ ಅಲ್ಲೀದೇ.

ವಾರ್ನಿಷ್ ಬೇರೆ. ಅದ್ರಲ್ಲಿ ಎಣ್ಣೆ ಇರುತ್ತೆ, ಗಾಳಿಯ ಆಕ್ಸಿಜನ್ ಹೀರ್ಕೊಂಡು ಗಟ್ಟಿಯಾಗುತ್ತೆ, ಮತ್ತೆ ಸುಲಭಕ್ಕೆ ಕರಗಲ್ಲ. ಪಾರದರ್ಶಕ ಆಗಿರೋದ್ರಿಂದ ಬಿಸಿಲು ಒಳಗಿಳಿದು ಮರದ ಮೇಲ್ಮೈನ ಹಾಳು ಮಾಡುತ್ತೆ, ಆಮೇಲೆ ಪದರ ಹಕ್ಕಳೆ ಎದ್ದು ಬರುತ್ತೆ. ಎನಾಮೆಲ್ ಪೇಂಟೂ ಹೆಚ್ಚುಕಮ್ಮಿ ಅದೇ, ಬಣ್ಣದ ಪುಡಿ ಸೇರಿರುತ್ತೆ, ಆ ಪುಡಿ ಬಿಸಿಲಿಗೆ ಅಡ್ಡ ನಿಲ್ಲುತ್ತೆ, ಅದಕ್ಕೇ ಹೊರಗಿನ ಕಿಟಕಿಗೆ ಎನಾಮೆಲ್ಲೇ ಜಾಸ್ತಿ ಬಾಳೋದು. ಮರದ ಗೆರೆ ಕಾಣಲ್ಲ ಅನ್ನೋದೊಂದೇ ಬೇಜಾರು.

ಮೆಲಮೈನ್ ಅನ್ನೋ ಪಾರದರ್ಶಕ ಲೇಪ ಮನೆ ಒಳಗಿನ ವಾರ್ಡ್‌ರೋಬ್‌ಗೆ ಸಾಕು. ಬೇಸ್ ಅನ್ನೋ ಮೂಲ ದ್ರವದ ಜೊತೆ ಅದನ್ನ ಗಟ್ಟಿ ಮಾಡೋ ಹಾರ್ಡ್‌ನರ್ ಬೆರೆಸಿ ಹೊಡೆಯೋ ಪಿಯು, ಅಂದ್ರೆ ಪಾಲಿಯುರೆಥೇನ್ ಲೇಪ, ನೀರಿಗೆ, ಬಿಸಿಗೆ ಚೆನ್ನಾಗಿ ತಡೆಯುತ್ತೆ, ಆದ್ರೆ ಆಳವಾಗಿ ಗೀರು ಬಿದ್ರೆ ಉಪ್ಪುಕಾಗದ ಹಿಡಿದು ಆ ಜಾಗ ಪೂರ್ತಿ ಉಜ್ಜಿ ಮತ್ತೆ ಹೊಡೀಬೇಕು. ಬಿಸಿಲು ಬೀಳೋ ಮುಂಬಾಗಿಲಿಗಾದ್ರೆ ಹೊರಗಡೆಗೆ ಅಂತಲೇ ಬರೋ ಪಿಯುನೇ ಕೇಳಿ ತಗೊಳ್ಳಿ.

ಮರಕ್ಕೆ ಅಗಸೆ ಎಣ್ಣೆ ಹಚ್ಚೋರು ಮಾತ್ರ ದಯವಿಟ್ಟು ಒಂದು ನೆನಪಿಡಿ, ಒರೆಸಿದ ಬಟ್ಟೆನ ಮುದ್ದೆ ಮಾಡಿ ಮೂಲೆಗೆ ಎಸೀಬೇಡಿ, ಎಣ್ಣೆ ಒಣಗ್ತಾ ಬಿಸಿ ಹುಟ್ಟಿ ತಾನಾಗೇ ಬೆಂಕಿ ಹತ್ಕೋಬಹುದು, ನೀರಲ್ಲಿ ಅದ್ದಿಡಿ ಇಲ್ಲಾ ಹೊರಗೆ ಬಿಡಿಸಿ ಒಣಹಾಕಿ.