ಪಥ್ಯ ಹೇಳುವ ಮುನ್ನ ಕೇಳಬೇಕಾದದ್ದು

ಮುಂಬಯಿಯ ಮಾಟುಂಗ, ಫೋರ್ಟ್ ಕಡೆಯ ನಮ್ಮ ಕನ್ನಡಿಗರ ಹೋಟೆಲುಗಳಲ್ಲಿ ಹದಿಹರೆಯದಿಂದಲೇ ದುಡಿದವರಲ್ಲಿ, ಐವತ್ತು ತುಂಬುವ ಮೊದಲೇ ಸಕ್ಕರೆ ಕಾಯಿಲೆಗೋ ರಕ್ತದೊತ್ತಡಕ್ಕೋ ಮಾತ್ರೆ ನುಂಗುತ್ತಿರುವ ಅನೇಕರನ್ನು ನಾನು ಬಲ್ಲೆ. "ಬಾಯಿ ಕಟ್ಟಲಿಲ್ಲ, ಅದಕ್ಕೇ ಹೀಗಾಯಿತು" ಎಂದು ಊರಿನವರು ಅವರ ಬಗ್ಗೆ ಹೇಳುವಾಗ ನನಗೆ ನೋವಾಗುತ್ತದೆ, ಏಕೆಂದರೆ ಆ ಮಾತಿನಲ್ಲಿ ಅವರ ದಿನಚರಿಯ ಲೆಕ್ಕವೇ ಇಲ್ಲ.

ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಇಡ್ಲಿ ಬೆಂದಿರಬೇಕಾದರೆ ಅಡುಗೆಯವರು ನಸುಕಿಗೆ ಮೊದಲೇ ಏಳಬೇಕು. ಗಿರಾಕಿಗಳ ಊಟದ ಹೊತ್ತು ಮುಗಿಯುವವರೆಗೆ ಸಪ್ಲಾಯರಿಗೆ ಊಟವಿಲ್ಲ. ಮೋರಿಯಲ್ಲಿ ಪಾತ್ರೆ ತೊಳೆದು ಮುಗಿಸುವ ಹುಡುಗ ಮಲಗುವಾಗ ನಡುರಾತ್ರಿ. ನಡುವಿನ ಹಸಿವನ್ನು ಸಕ್ಕರೆ ಹಾಕಿದ ಚಹಾ ಮತ್ತು ಉಳಿದ ಕರಿದ ತಿಂಡಿ ತಣಿಸುತ್ತವೆ. ನಿದ್ರೆ ಸತತವಾಗಿ ಕಡಿಮೆಯಾದರೆ, ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ನಿಗೆ ದೇಹ ಸ್ಪಂದಿಸುವುದು ಕುಗ್ಗುತ್ತದೆ, ರಕ್ತದೊತ್ತಡ ಏರುತ್ತದೆ. ಹೀಗಿರುವಾಗ ಹೊತ್ತಿಗೆ ಸರಿಯಾಗಿ ಉಣ್ಣಿ, ಚೆನ್ನಾಗಿ ನಿದ್ರಿಸಿ, ಮುಂಜಾನೆ ನಡೆದಾಡಿ ಎಂಬ ವೈದ್ಯರ ಸಲಹೆ ಸರಿಯಾದದ್ದೇ ಆದರೂ, ಹಲವರು ಹಂಚಿಕೊಂಡ ಖೋಲಿಯಲ್ಲಿ ಸರದಿಯ ಮೇಲೆ ಮಲಗುವವನ ಕೈಗೆ ಅದು ನಿಲುಕುವುದಿಲ್ಲ.

ಬಡತನವೊಂದೇ ಕಾರಣವೆಂದೂ ತಿಳಿಯಬಾರದು. ಲಂಡನ್ನಿನ ಸರ್ಕಾರಿ ನೌಕರರ ಮೇಲೆ 1967ರಲ್ಲಿ ಆರಂಭವಾದ ವೈಟ್‌ಹಾಲ್ ಅಧ್ಯಯನದಲ್ಲಿ, ಎಲ್ಲರಿಗೂ ಸಂಬಳದ ಖಾತ್ರಿಯಿದ್ದರೂ, ಕೆಳದರ್ಜೆಯ ಪುರುಷರು ಹೃದ್ರೋಗದಿಂದ ಸಾಯುವ ಪ್ರಮಾಣ ಮೇಲಧಿಕಾರಿಗಳದ್ದಕ್ಕಿಂತ ಮೂರು ಪಟ್ಟಿಗೂ ಹೆಚ್ಚಿತ್ತು. ಧೂಮಪಾನ, ಕೊಲೆಸ್ಟರಾಲ್, ರಕ್ತದೊತ್ತಡಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಆ ಅಂತರದ ದೊಡ್ಡ ಪಾಲು ಹಾಗೆಯೇ ಉಳಿಯಿತು. ತನ್ನ ಕೆಲಸದ ಮೇಲೆ ತನಗೇ ಹಿಡಿತವಿಲ್ಲದ ಸ್ಥಿತಿಯೂ ಹೃದಯಕ್ಕೆ ಹಾನಿಕರವೆಂಬುದನ್ನು ಮುಂದಿನ ಸಂಶೋಧನೆಗಳು ತೋರಿಸಿದವು.

ನನ್ನನ್ನು ಹೆಚ್ಚು ಕಲಕಿದ್ದು ಪುಣೆಯ ಕೆಲಸ. ಅಲ್ಲಿನ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಸಂಗಡಿಗರು 1993ರಲ್ಲಿ ಸುತ್ತಲಿನ 6 ಹಳ್ಳಿಗಳಲ್ಲಿ ಆರಂಭಿಸಿದ ಅಧ್ಯಯನದ ಪ್ರಕಾರ, ಅಲ್ಲಿ ಹುಟ್ಟಿದ ಶಿಶುಗಳ ಸರಾಸರಿ ತೂಕ ಸುಮಾರು 2.7 ಕಿಲೋ; ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ ಅದು ಸುಮಾರು 3.5 ಕಿಲೋ. ನಮ್ಮ ಶಿಶುಗಳಲ್ಲಿ ಮಾಂಸಖಂಡ ಕಡಿಮೆ, ಆದರೆ ಕೊಬ್ಬು ಆ ಪ್ರಮಾಣದಲ್ಲಿ ಕಡಿಮೆಯಾಗಿರಲಿಲ್ಲ, ಮತ್ತು ಇಂಥ ಮೈಕಟ್ಟು ಮುಂದೆ ಮಧುಮೇಹಕ್ಕೆ ಎಡೆಮಾಡಿಕೊಡಬಲ್ಲದು. ಅರೆಹೊಟ್ಟೆಯಲ್ಲಿ ಗದ್ದೆಗಿಳಿದ ಬಸುರಿಯ ಬವಣೆ ಮಗನ ರಕ್ತದಲ್ಲಿ ದಶಕಗಳ ನಂತರ ಕಾಣಿಸಿಕೊಳ್ಳುವುದಾದರೆ, ಆತನೊಬ್ಬನ ನಾಲಗೆಚಪಲವನ್ನು ದೂರುವುದು ಅನ್ಯಾಯ.

ಇದರಲ್ಲಿ ನಮ್ಮ ಹೋಟೆಲ್ ಮಾಲೀಕರು ಮತ್ತು ಕನ್ನಡ ಸಂಘಗಳು ಮಾಡಬಹುದಾದದ್ದು ಬಹಳಷ್ಟಿದೆ. ಸಂಘಗಳ ಆರೋಗ್ಯ ಶಿಬಿರಗಳು ಹೆಚ್ಚಾಗಿ ಭಾನುವಾರ ಬೆಳಿಗ್ಗೆ, ಅಂದರೆ ಹೋಟೆಲಿನಲ್ಲಿ ಕಾಲಿಡಲು ಜಾಗವಿಲ್ಲದ ಹೊತ್ತಿನಲ್ಲೇ ನಡೆಯುತ್ತವೆ. ಅವನ್ನು ವಾರದ ನಡುವಿನ ಮಧ್ಯಾಹ್ನ ಮೂರು ಗಂಟೆಗೆ, ಹೋಟೆಲಿನ ಬಳಿಯೇ ಇಡಬೇಕು. ಮಾಲೀಕರು ಕಾರ್ಮಿಕರಿಗೆ ವಾರದ ರಜೆಯನ್ನು ತಪ್ಪದೆ ಕೊಟ್ಟು, ಗಿರಾಕಿಗಳ ನೂಕುನುಗ್ಗಲು ಆರಂಭವಾಗುವ ಮೊದಲೇ ಅವರನ್ನು ಊಟಕ್ಕೆ ಕೂರಿಸಬೇಕು.