ಎದೆ ಒತ್ತೋದು ಕಲಿತ ಭಾನುವಾರ

ಅಪ್ಪು ಹೋದಾಗಿಂದ ನಮ್ಮನೇಲಿ ಹಾರ್ಟ್ ಅಂದ್ರೆ ಎಲ್ರಿಗೂ ಒಂಥರಾ ಭಯ, ಅದ್ಕೇ ಅಪಾರ್ಟ್‌ಮೆಂಟಲ್ಲಿ ಸಿಪಿಆರ್ (ಹೃದಯ ನಿಂತೋರ ಎದೆ ಒತ್ತಿ ರಕ್ತ ಓಡೋ ಹಾಗೆ ಮಾಡೋದು) ಹೇಳಿಕೊಡ್ತಾರೆ ಅಂದ ತಕ್ಷಣ ಅಮ್ಮನ್ನೂ ಕರ್ಕೊಂಡು ಹೋದೆ. ಬಂದಿದ್ದು ಎಮರ್ಜೆನ್ಸೀಲಿ ಕೆಲಸ ಮಾಡೋ ಒಬ್ರು ಸಿಸ್ಟರ್. ಎದುರಿಗೇ ಯಾರಾದ್ರೂ ಕುಸಿದು ಬಿದ್ರೆ ಏನ್ ಮಾಡ್ತೀರಾ ಅಂತ ಕೇಳಿದ್ರು. ಮುಖಕ್ಕೆ ನೀರು ಚಿಮುಕಿಸ್ತೀವಿ ಅಂದ್ರು ಎಲ್ರೂ, ಹಿಂದಿಂದ ಯಾರೋ ಸ್ವಲ್ಪ ಕುಡಿಸ್ತೀವಿ ಅಂತ್ಲೂ ಸೇರಿಸಿದ್ರು. "ಪ್ರಜ್ಞೆ ಇಲ್ದೋರಿಗೆ ಕುಡಿಸಿದ್ರೆ ನೀರು ಶ್ವಾಸನಾಳಕ್ಕೆ ಹೋಗತ್ತೆ. ಭುಜ ತಟ್ಟಿ ಜೋರಾಗಿ ಕೂಗಿ, ಉಸಿರಿದ್ಯಾ ನೋಡಿ, ಅದಕ್ಕೆ ಹತ್ತು ಸೆಕೆಂಡ್ ಸಾಕು" ಅಂದ್ರು.

ನಂಗೆ ಬಹಳ ಮುಖ್ಯ ಅನ್ಸಿದ್ದು ಆಮೇಲೆ ಹೇಳಿದ್ದು. ಹೃದಯ ನಿಂತ್ಮೇಲೂ ಕೆಲವ್ರು ಸ್ವಲ್ಪ ಹೊತ್ತು ಗೊರಕೆ ಥರ ಸದ್ದು ಮಾಡ್ಕೊಂಡು ಬಾಯಿ ಬಿಟ್ಟು ಬಿಟ್ಟು ಉಸಿರು ಎಳೀತಾರಂತೆ, ಸುತ್ತ ನಿಂತೋರು ಓ ಉಸಿರಾಡ್ತಿದಾರೆ ಅಂತ ಕಾಯ್ತಾ ನಿಲ್ತಾರೆ. ಅದು ಉಸಿರಾಟ ಅಲ್ಲ, ಆಗ್ಲೇ ಒತ್ತೋಕೆ ಶುರು ಮಾಡ್ಬೇಕು. ಮಿದುಳಿಗೆ ರಕ್ತ ಹೋಗೋದು ನಿಂತು ನಾಲ್ಕೈದು ನಿಮಿಷಕ್ಕೆಲ್ಲ ಹಾನಿ ಶುರುವಾಗತ್ತೆ, ನಮ್ಮ ಬೆಂಗಳೂರು ಟ್ರಾಫಿಕ್ಕಲ್ಲಿ 108 ಅಷ್ಟರಲ್ಲಿ ಬರತ್ತೆ ಅಂತ ಹೇಗೆ ನಂಬೋದು ಹೇಳಿ? (ಎದೆನೋವು ಅಂತ ಮಾತಾಡ್ತಾ ಕೂತಿರೋರ ಎದೆ ಒತ್ತೋ ಹಾಗಿಲ್ಲ, ಅವ್ರನ್ನ ಸೀದಾ ಆಸ್ಪತ್ರೆಗೆ.)

ಆಮೇಲೆ ನೆಲದ ಮೇಲೆ ಗೊಂಬೆ. ಎದೆ ಮಧ್ಯದ ಮೂಳೆ ಮೇಲೆ ಅಂಗೈ, ಅದರ ಮೇಲೆ ಇನ್ನೊಂದು ಕೈ, ಮೊಣಕೈ ಮಡಿಸ್ದೆ ಮೈಭಾರ ಬಿಟ್ಟು 5 ಸೆಂಟಿಮೀಟರ್ ಆದ್ರೂ ಇಳೀಬೇಕು, 6 ದಾಟ್ಬಾರ್ದು, ನಿಮಿಷಕ್ಕೆ 100ರಿಂದ 120 ಸಲ. ಪ್ರತಿ ಸಲ ಎದೆ ಪೂರ್ತಿ ಮೇಲೆ ಬರೋಕೆ ಬಿಡ್ಬೇಕು, ಇಲ್ದಿದ್ರೆ ಹೃದಯಕ್ಕೆ ರಕ್ತ ತುಂಬ್ಕೊಳಲ್ಲ. ಎರಡು ನಿಮಿಷಕ್ಕೊಮ್ಮೆ ಆಳು ಬದಲಾಗ್ಬೇಕು ಅನ್ನೋದು ಯಾಕೆ ಅಂತ ಒತ್ತಿ ನೋಡಿದ್ರೆ ಗೊತ್ತಾಗತ್ತೆ, ಬೆನ್ನೆಲ್ಲ ಬೆವರು. ಬಾಯಿಗೆ ಬಾಯಿಟ್ಟು ಗಾಳಿ ಕೊಡೋಕೆ ಮುಜುಗರ ಆದ್ರೆ ಬರೀ ಒತ್ತಿ, ಸಾಕು ಅಂದ್ರು. ನೀರಲ್ಲಿ ಮುಳುಗಿದೋರಿಗೆ, ಮಕ್ಕಳಿಗೆ ಮಾತ್ರ ಉಸಿರು ಕೊಡೋದು ಬಹಳ ಮುಖ್ಯ.

ಅಮ್ಮಂಗೆ ಮಂಡಿನೋವು, ಕೆಳಗೆ ಕೂರೋಕಾಗಲ್ಲ. "ನೀವು ಫೋನ್ ಸ್ಪೀಕರಲ್ಲಿಟ್ಟು 108ಕ್ಕೆ ಮಾಡಿ ಅಮ್ಮ, ವಿಳಾಸ ಸರಿಯಾಗಿ ಹೇಳೋದೂ ದೊಡ್ಡ ಕೆಲ್ಸಾನೇ" ಅಂದ್ರು ಸಿಸ್ಟರ್. ಅಮ್ಮ ಬ್ಲಾಕ್ ನಂಬರು, ಗೇಟು, ಪಕ್ಕದ ಗಣಪತಿ ಗುಡಿ ಎಲ್ಲ ಗಟ್ಟಿಯಾಗಿ ಹೇಳಿ ಪ್ರಾಕ್ಟೀಸ್ ಮಾಡಿದ್ರು, ನೋಡಿ ನಂಗೆ ನಿಜವಾಗ್ಲೂ ಹೆಮ್ಮೆ ಆಯ್ತು.

ಬೇಜಾರಾಗಿದ್ದು ಒಂದೇ, ಸೆಕ್ಯುರಿಟಿಯವ್ರನ್ನ ಯಾರೂ ಕರೆದಿರ್ಲಿಲ್ಲ. ರಾತ್ರಿ ಹೊತ್ತು ಮೊದ್ಲು ಓಡಿ ಬರೋರು ಅವ್ರೇ ತಾನೆ? ಮುಂದಿನ ಕ್ಲಾಸ್ ಅವ್ರ ಶಿಫ್ಟ್ ಬದಲಾಗೋ ಟೈಮಿಗೇ ಇಡಿ ಅಂತ ಅಸೋಸಿಯೇಷನ್‌ಗೆ ಹೇಳಿದೀನಿ, ಸಿಸ್ಟರೂ ಬರ್ತೀನಿ ಅಂದಿದಾರೆ.