ಸುಣ್ಣ ಕೊನೆಗೂ ಕಚ್ಚಿಕೊಂಡಿತು

ನಿನ್ನೆ ರಾತ್ರಿ ಮುಕ್ಕಾಲು ಗಂಟೆ ಮಳೆ ಹೊಡೆಯಿತು. ಬೆಳಿಗ್ಗೆ ಪ್ರಾರ್ಥನೆಗೂ ಮೊದಲೇ ಏಣಿ ಹಾಕಿ, ಬಿಸಿಲಿನ ಕಾವು ತಗ್ಗಲೆಂದು ಸುಣ್ಣ ಬಳಿದ ಶಾಲೆಯ ಮಾಳಿಗೆ ಹತ್ತಿ, ಅಂಗೈ ಒರೆಸಿ ನೋಡಿದೆ. ಬಿಳಿ ಹತ್ತಲಿಲ್ಲ! ಕೆಳಗೆ ನಿಂತಿದ್ದ ಹೆಡ್ ಮಾಸ್ತರಿಗೆ ಅಂಗೈ ಎತ್ತಿ ತೋರಿಸಿದರೆ, "ಏನ್ರೀ ಸರ, ಆಶೀರ್ವಾದ ಮಾಡಾಕತ್ತೀರೇನ್?" ಎಂದರು.

ಏಪ್ರಿಲ್‌ನಲ್ಲಿ ಇದೇ ಮಾಳಿಗೆ ನನ್ನ ಮಾನ ಕಳೆದಿತ್ತು. ಕೊಪ್ಪಳದ ಬಿಸಿಲಿಗೆ ಸ್ಲ್ಯಾಬ್ ಹಂಚಿನಂತೆ ಕಾಯುತ್ತದೆ. ಕೊರೊನಾ ಕಾಲದ ಹಣೆ ಥರ್ಮಾಮೀಟರನ್ನು ಒಳಗಿನಿಂದ ಛಾವಣಿಗೆ ಹಿಡಿದೆ. ಅದು ಅಂಕಿಯನ್ನೇ ಕೊಡದೆ 'ಹೈ' ಎಂದು ಕೂಗಿತು. ಜ್ವರಕ್ಕಿಂತ ಮೇಲಿನದು ಅದಕ್ಕೆ ಗೊತ್ತಿಲ್ಲ, ಪಾಪ. ಬಿಳಿ ಬಳಿದರೆ ಬಿಸಿಲು ವಾಪಸು ಹೋಗುತ್ತದೆ ಎಂದು ಪೇಟೆಯಿಂದ ಸುಣ್ಣ ತಂದು, ಮಟಮಟ ಮಧ್ಯಾಹ್ನ, ದೋಸೆ ಹಿಟ್ಟಿನಷ್ಟು ಗಟ್ಟಿಯಾಗಿ ಎರಡು ಕೋಟ್ ಬಳಿದೆವು. ಹತ್ತೇ ನಿಮಿಷಕ್ಕೆ ಒಣಗಿತು. ಎಷ್ಟು ಬೇಗ ಎಂದು ಖುಷಿಪಟ್ಟೆವು!

ಮೊದಲ ಅಡ್ಡಮಳೆಗೇ ಸುಣ್ಣ ಎದ್ದು, ಮಾಳಿಗೆಯ ಮಳೆನೀರನ್ನು ತೊಟ್ಟಿಗೆ ಇಳಿಸುವ ಪೈಪಿನೊಳಗೆ. ನಮ್ಮದು 90 ಚದರ ಮೀಟರ್ ಮಾಳಿಗೆ, 1 ಮಿ.ಮೀ. ಮಳೆಗೆ 90 ಲೀಟರ್ ಲೆಕ್ಕ. ಮೊದಲ 2 ಮಿ.ಮೀ. ಕೊಳೆನೀರು ಹಿಡಿಯಲು 200 ಲೀಟರ್ ಡ್ರಮ್ ಇಟ್ಟಿದ್ದೆ. ಅದು ಧೂಳಿಗೆ ಸಾಕು. ಆದರೆ ಸುಣ್ಣ ಮೊದಲ ಮಳೆಗೆ ನಿಲ್ಲಲಿಲ್ಲ, ಎರಡನೆಯದಕ್ಕೂ ಬಂತು, ಮೂರನೆಯದಕ್ಕೂ. ಮರಳು, ಇದ್ದಿಲಿನ ಫಿಲ್ಟರ್ ಗಾರೆಯಂತೆ ಗಟ್ಟಿ. ತೊಟ್ಟಿಯ ನೀರಿಗೆ ಕೆಂಪು ಲಿಟ್ಮಸ್ ಅದ್ದಿದರೆ ನೀಲಿ. ಬೋರಿನ ನೀರಲ್ಲಿ ಫ್ಲೋರೈಡು, ಗಡಸು, ಬೇಳೆ ಬೇಯುವುದಿಲ್ಲ ಎಂದೇ ತೊಟ್ಟಿ ಕಟ್ಟಿಸಿದ್ದು. ಬಿಸಿಯೂಟದ ಅಕ್ಕ ಒಂದು ಚೊಂಬು ಎತ್ತಿ ನೋಡಿ, "ಇದ್ರಾಗ ಸಾರ್ ಮಾಡ್ಲೋ, ಎಲಿಅಡಿಕಿಗೆ ಇಟ್ಕೊಳ್ಲೋ?" ಎಂದು ಕೇಳಿದಳು. ಒಂದು ಮಾಳಿಗೆಯ ಮೇಲೆ ಎರಡು ಪರಿಸರ ಯೋಜನೆ ಇಟ್ಟರೆ ಸವತಿಯರ ಜಗಳ.

ಸುಣ್ಣಕ್ಕೆ ಅಂಟಿನ ಪೊಟ್ಟಣ ಹಾಕಿ ನೋಡಿದೆ, ಪುಡಿಯ ಬದಲು ಹಪ್ಪಳವಾಗಿ ಎದ್ದಿತು. ಸುಣ್ಣವೇ ಸರಿಯಿಲ್ಲವೇನೋ ಎಂಬ ಅನುಮಾನಕ್ಕೆ ಉಳಿದ ಚೀಲಕ್ಕೆ ನೀರು ಸುರಿದರೆ ತಾಜಾ ಸುಣ್ಣದಂತೆ ಕುದಿಯಲೂ ಇಲ್ಲ, ಬಿಸಿಯೂ ಆಗಲಿಲ್ಲ. ಗಾಳಿಯ ತೇವಕ್ಕೆ ಚೀಲದಲ್ಲೇ ಅರಳಿ ಸತ್ತ ಮಾಲು! ಅಂಗಡಿಯವನಿಗೆ ಹೇಳಿದರೆ, "ಹೋದ್ ವಾರಾನ ಬಂದೈತ್ರಿ" ಎಂದ. ಯಾವ ವರ್ಷದ ಹೋದ ವಾರವೋ.

ದಾರಿ ತೋರಿಸಿದ್ದು ನಮ್ಮೂರ ಗೌಂಡಿ ಕಾಕಾ. "ಸರ, ಸುಣ್ಣ ಒಣಗಬಾರ್ದ್ರಿ, ಕಲ್ಲಾಗಬೇಕ್ರಿ." ವಿಜ್ಞಾನ ಮಾಸ್ತರನಾಗಿ ನಾನು ಇದನ್ನೇ ಹಲಗೆಯ ಮೇಲೆ ಸಮೀಕರಣ ಬರೆದು ಕಲಿಸುತ್ತೇನೆ: ಅರಳಿದ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಸುಣ್ಣಕಲ್ಲಾಗುತ್ತದೆ. ಆದರೆ ಅದಕ್ಕೆ ತೇವ ಬೇಕು. ಮಧ್ಯಾಹ್ನದ ಬಿಸಿಲು ತೇವವನ್ನೇ ಕುಡಿದುಬಿಟ್ಟರೆ ಉಳಿಯುವುದು ಬರೀ ಪುಡಿ. ಪಾಠ ಹೇಳುವ ಬಾಯಿಗೂ ಬಳಿಯುವ ಕೈಗೂ ನಡುವೆ ಇಷ್ಟು ದೂರ.

ಎರಡನೇ ಸಲ ಇನ್ನೂ ಅರಳದ ಕಲ್ಲುಸುಣ್ಣವನ್ನೇ ಹುಡುಕಿ ತಂದು, ಹದಿನೈದು ದಿನ ನೀರಿನಲ್ಲಿ ಅರಳಿಸಿ, ಬಟ್ಟೆಯಲ್ಲಿ ಸೋಸಿದೆವು. ಹಳೆಯ ಪುಡಿಯನ್ನೆಲ್ಲ ತಂತಿ ಬ್ರಷ್‌ನಿಂದ ಉಜ್ಜಿದೆವು (ನನ್ನ ಸೊಂಟ ಇನ್ನೂ ಕ್ಷಮಿಸಿಲ್ಲ). ಸಂಜೆ ಆರರ ಮೇಲೆ ಸ್ಲ್ಯಾಬಿಗೆ ನೀರು ಕುಡಿಸಿ, ಮಜ್ಜಿಗೆಯಷ್ಟು ತೆಳುವಾಗಿ, ದಿನಕ್ಕೊಂದರಂತೆ ನಾಲ್ಕು ಕೋಟ್. ಬೆಳಿಗ್ಗೆ ಬಿಸಿಲೇರುವ ಮೊದಲು ನೀರು ಚಿಮುಕಿಸಿ ಒದ್ದೆ ಗೋಣಿಚೀಲ ಹೊದಿಸಿದೆವು.

ಕಲ್ಲಾಯಿತೋ ಇಲ್ಲವೋ ತಿಳಿಯುವುದು ಹೇಗೆ? ಪ್ರಯೋಗಾಲಯದಲ್ಲಿ ಫಿನಾಫ್ಥಲೀನ್ ಇತ್ತು. ಹಸಿ ಸುಣ್ಣಕ್ಕೆ ಬಿದ್ದರೆ ಗುಲಾಬಿ, ಸುಣ್ಣಕಲ್ಲಾಗಿದ್ದರೆ ಬಣ್ಣವಿಲ್ಲ. ಎರಡನೇ ದಿನ ಹನಿ ಹಾಕಿದರೆ ಹೋಳಿ ಹುಣ್ಣಿಮೆ. ಹತ್ತನೇ ದಿನ ಮೂಲೆಯ ಎರಡು ಚುಕ್ಕೆ ಬಿಟ್ಟು ಉಳಿದೆಡೆ ಏನೂ ಇಲ್ಲ. ಹತ್ತನೇ ತರಗತಿಯವರು ಸಂಭ್ರಮದಲ್ಲಿ ಅರ್ಧ ಬಾಟಲಿ ಖಾಲಿ ಮಾಡಿದ್ದಾರೆ. ಪ್ರಾಯೋಗಿಕ ಪರೀಕ್ಷೆಗೆ ಏನು ಮಾಡುವುದೋ.

ಕಾರ್ಖಾನೆಗಳಿರುವ ಗಿಣಿಗೇರಾ ಕಡೆಯ ಗಾಳಿ ಬೀಸಿದರೆ ಕಪ್ಪು ಧೂಳು ಕೂರುತ್ತದೆ. ಬಿಳಿ ಮಾಸಿದರೆ ತಂಪೂ ಮಾಸಿದಂತೆಯೇ. ಪೊರಕೆ ಮೇಲೆಯೇ ಇಟ್ಟಿದ್ದೇನೆ.

ಅಂದಹಾಗೆ, ಗೋಡೆಯ ಮೇಲಿನ ಗಾಳಿಕಿಂಡಿಗಳಿಗೆಲ್ಲ ಪಾರಿವಾಳದ ಕಾಟಕ್ಕೆ ಯಾರೋ ರಟ್ಟು ಬಡಿದಿದ್ದಾರೆ. ಬಿಸಿಗಾಳಿ ಹೋಗಬೇಕಾದದ್ದೇ ಅಲ್ಲಿಂದ. ರಟ್ಟು ಕಿತ್ತು ಜಾಲರಿ ಹಾಕಬೇಕು. ಅದರ ಹಿಂದೆಯೇ ಫ್ಯಾನ್: 75 ವ್ಯಾಟಿನ 16 ಹಳೆಯವು ಒಟ್ಟಿಗೆ ತಿರುಗಿದರೆ 1,200 ವ್ಯಾಟ್. ಕಡಿಮೆ ಕರೆಂಟು ಕುಡಿಯುವ, 28 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ಹಾಕಿದರೆ 450ರ ಒಳಗೆ. ಆಗ ಸೋಲಾರ್ ಸಣ್ಣದೇ ಸಾಕು. ದಾನಿಗಳು ಮಾತ್ರ ದೊಡ್ಡವರೇ ಬೇಕು.

ತೊಟ್ಟಿ ತೊಳೆದಿದ್ದೇವೆ. ನಿನ್ನೆಯ ನೀರಿನಲ್ಲಿ ಲಿಟ್ಮಸ್ ಕೆಂಪಾಗಿಯೇ ಉಳಿಯಿತು. ಆದರೂ ಸದ್ಯಕ್ಕೆ ಕೈ ತೊಳೆಯಲು, ಶೌಚಾಲಯಕ್ಕೆ, ಬೇವಿನ ಸಸಿಗಳಿಗೆ ಮಾತ್ರ. ಇನ್ನೂ ನಾಲ್ಕು ಮಳೆಯ ನೀರು ನೋಡಿ, ಲ್ಯಾಬಿಗೆ ಒಂದು ಬಾಟಲಿ ಕಳಿಸಿದ ಮೇಲೆ ಅಕ್ಕನ ಬೇಳೆಯ ಸರದಿ.